ಅವ್ವಗ ತಂದ ಯಲ್ಲಮ್ಮನ ಗುಡ್ಡ

ಬಣ್ಣದ ಡಬ್ಬಿ ತಗದು ಎಲ್ಲೆರೆ ಕುಂತ್ನಿ ಅಂದ್ರ ಸಾಕು, ಯಾರೋ ಒಬ್ರು ಬಂದು ನನ್ನ ಚಿತ್ರದಾಗ ಕೈ ಆಡಿಸದ ಹೋಗಂಗಿಲ್ಲ. ಕಿತ್ತೂರಿನಿಂದ ರಾಮದುರ್ಗದ ತನಕ ಔಷಧ ಅಂಗಡಿಗಳಿಗೆ ಮಾಲು ಮುಟ್ಟಸೂದು ನನ್ನ ಕೆಲಸ. ಮಧ್ಯಾಹ್ನ ಅಂಗಡಿಯವರು ಊಟಕ್ಕ ಹೋದಾಗ ನಾನು ಚಿತ್ರದ ವಹಿ ತಗದು ಕುಂದರತೇನಿ, ಹೋದ ಊರು ಒಂದೊಂದು ಹಾಳ್ಯಾಗ ಬರೀತೇನಿ. ಈ ಹುಚ್ಚು ಹತ್ತಿದ್ದು ನಮ್ಮ ಅವ್ವನಿಂದ.

ಓಡಿಹೋದ ದೇವ್ರು

ಮೊಣಕಾಲು ಹೋದ ಮ್ಯಾಲ ಅವ್ವ ಯಲ್ಲಮ್ಮನ ಗುಡ್ಡಕ್ಕ ಹೋಗೂದು ನಿಂತಿತ್ತು. ಆಕಿಗೆ ಅದೊಂದ ಕೊರಗು. ಒಮ್ಮೆ ಮೊಬೈಲಿನ್ಯಾಗ ಗುಡಿ ಫೋಟೋ ಹೊಡಕೊಂಡ ಬಂದು ಆಕಿ ಮುಂದ ಹಿಡದ್ನಿ. ಅವ್ವ ಭಕ್ತಿಲೆ ಗುಡಿಗೆ ಬೆರಳ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು ಕೈ ಮುಗದ್ಲು. ಬೆರಳ ತಾಗಿ ಫೋಟೋ ಸರದು ಮುಂದಿನದು ಬಂದಿತ್ತು. ಆಕಿ ಕಣ್ಣ ತಗದು ನೋಡಿದ್ರ ಎದುರಿಗೆ ನನ್ನ ಹೆಂಡ್ತಿ ಅಪ್ಪ, ಬಾಳಿ ಎಲಿ ಮುಂದ ಹೋಳಿಗಿ ಮುರಕೋತ ಕುಂತಾರ.

“ನನ್ನ ಕಡಿಂದ ಬೀಗರಿಗೆ ಕೈ ಮುಗಿಸಿದ್ಯಲ್ಲೋ,” ಅಂತ ಅವ್ವ ಸಿಟ್ಟಾದ್ಲು. “ಮುಟ್ಟಿದ್ರ ಓಡಿಹೋಗೂ ದೇವ್ರು ನನಗ ಬ್ಯಾಡ. ಹಾಳಿ ಮ್ಯಾಲ ತಗೊಂಬಾ.”

ಪ್ರಿಂಟ್ ಹಾಕಿಸಿದ್ರ ಮುಗೀತಿತ್ತು. ಆದ್ರ ನಾನು ಸಾಲ್ಯಾಗ ಡ್ರಾಯಿಂಗ್ ಪರೀಕ್ಷಾ ಪಾಸಾದವ, ಸುಮ್ನ ಇರ್ತೇನೇನು? ಬರದ ಕೊಡ್ತೇನಿ ಅಂದ್ನಿ. ಗುಡ್ಡಕ್ಕ ಕೈ ಹಾಕೂ ಮೊದ್ಲ ಬ್ಯಾರೆ ಊರಾಗ ಕೈ ಪಳಗಿಸಿಕೊಳ್ಳೂಣು ಅಂತ ಶುರು ಮಾಡಿದ್ನಿ. ಮಾವನವರಿಗೆ ಈ ಸುದ್ದಿ ಇನ್ನೂ ಹೇಳಿಲ್ಲ, ಹೇಳಿದ್ರ ದಕ್ಷಿಣಿ ಕೇಳ್ತಾರ.

ಕಿತ್ತೂರಿನ ಗ್ವಾಡಿ

ಕಿತ್ತೂರಿನ ಕೋಟಿಯೊಳಗ ಮುರದ ಗ್ವಾಡಿ ಬರಿಯಾಕತ್ತಿದ್ನಿ. ಎಂಥಾ ಗ್ವಾಡಿ ಅವು, ಬಿದ್ದರೂ ಎದಿ ಸೆಟಿಸಿ ನಿಂತಾವ. ಆಡು ಮೇಸೂ ಅಜ್ಜ ಒಬ್ಬ ಬಂದು ಹಿಂದ ನಿಂತ.

“ಸಾಹೇಬ್ರ, ಬಣ್ಣ ನಿಮ್ಮ ಕೈಯಾಗ ಐತಿ. ಗ್ವಾಡಿ ಪೂರಾ ಕಟ್ಟಿಬಿಡ್ರಲ್ಲ.”

“ಇದ್ದದ್ದು ಇದ್ದಂಗ ಬರೀಬೇಕ ಅಜ್ಜಾ.”

“ಗೌಂಡಿ ಬೇಕಾಗಿಲ್ಲ, ಸಿಮೆಂಟ್ ಬೇಕಾಗಿಲ್ಲ. ನಾಕ ಗೆರಿ ಎಳಿಯಾಕೂ ಜಿಪುಣತನ ಏನ್ರಿ?”

ಮಾತು ನಾಟಿತು. ಗ್ವಾಡಿ ಕಟ್ಟಿದ್ನಿ. ಬಾಗಲಾ ಇಡ್ರಿ ಅಂದ, ಇಟ್ನಿ. ಮ್ಯಾಲ ಮಾಳಗಿನೂ ಹಾಕಿಸಿದ. ಎಲ್ಲಾ ಮುಗದ ಮ್ಯಾಲ ಅಜ್ಜನ ಕಣ್ಣಾಗ ನೀರು. “ಹಿಂಗ ಇತ್ತ ನೋಡ್ರಿ,” ಅಂದ, ತಾನ ಕಣ್ಣಾರೆ ಕಂಡವನಂಗ. ನನಗೂ ಮೈ ಜುಂ ಅಂತು.

ರಾತ್ರಿ ಅವ್ವಗ ತೋರಿಸಿದ್ನಿ. ತಿರಗಿಸಿ ಮುರಗಿಸಿ ನೋಡಿ ಅಂದ್ಲು: “ಮನಿ ಚೊಲೊ ಐತಿ. ಭಾಡಿಗಿ ಎಷ್ಟಂತ?”

ಎಮ್ಮಿ ಮತ್ತ ಜಿಲೇಬಿ

ರಾಮದುರ್ಗದಾಗ ಒಂದು ಚಾದಂಗಡಿ ಬರದ್ನಿ. ಅಲ್ಲೆ ಬಾಕಿನ ಮ್ಯಾಲ ಬೆನ್ನ ಮಾಡಿ ಕುಂತ ಒಬ್ಬರನ್ನೂ ಬರದ್ನಿ. ಅವರು ತಿರಗಿ ನೋಡಿದವರ ಓಡಿ ಬಂದ್ರು. ನಾನು ಮಾಲು ಕೊಡೂ ಔಷಧ ಅಂಗಡಿ ಮಾಲಕರು! ಸಕ್ಕರಿ ಕಾಯಿಲೆ ಅವರಿಗೆ, ಕೈಯಾಗ ಜಿಲೇಬಿ, ಚಿತ್ರದಾಗೂ ಜಿಲೇಬಿ.

“ನನ್ನ ಅಳಸ್ರಿ ಮಾರಾಯ್ರ. ನಿಮ್ಮ ವಹಿ ನಮ್ಮ ಮನಿಯಾಕಿ ಪ್ರತಿ ಸಲ ಇಸಕೊಂಡು ನೋಡ್ತಾಳ.”

“ನೀರಿನ ಬಣ್ಣ, ಅಳಸಿದ್ರ ಹಾಳಿ ಪೂರಾ ರಾಡಿ ಆಕೈತ್ರಿ.”

“ಹಂಗಾರ ಮ್ಯಾಲ ಮತ್ತೇನರ ಬರೀರಿ.”

ದಪ್ಪಗ ಕರಿ ಬಣ್ಣ ಬಳದು ಅವರನ್ನ ಎಮ್ಮಿ ಮಾಡಿದ್ನಿ. ಅವಸರದಾಗ ಜಿಲೇಬಿ ಹಂಗ ಉಳೀತು.

ಮುಂದಿನ ಸಲ ಅವರ ಹೆಂಡ್ತಿ ವಹಿ ನೋಡಿ, ಗಂಡನ ಮಾರಿ ನೋಡಿ, ನನಗ ಕೇಳಿದ್ರು: “ಅಣ್ಣಾರ, ಈ ಎಮ್ಮಿ ಕುಂತ ರೀತಿ ಥೇಟ್ ನಮ್ಮವರಂಗ ಐತಲ್ರಿ?”

ಓಣಿಗೆಲ್ಲಾ ಗುಡ್ಡ

ಕಡೀಕ ಗುಡ್ಡಕ್ಕ ಹೋದ್ನಿ. ಉಗರಗೋಳ ದಾಟಿ ಏರಿ ಹತ್ತಿ ನೋಡ್ತೇನಿ, ಕಣ್ಣ ಹಾಯೂ ತನಕ ಮಂದಿ. ಹೆಂಗಸರ ತಲಿ ಮ್ಯಾಲ ಬುಟ್ಟಿ, ಚೌಡಕಿ ವಾದ್ಯದ ಸಪ್ಪಳ, ಗಾಳಿಯೊಳಗ ಭಂಡಾರ, ಅಂದ್ರ ದೇವಿಗೆ ಹಾರಸೂ ಅರಿಷಿಣ ಪುಡಿ. ಬಿಸಲಿಗೂ ಅದಕ್ಕೂ ಫರಕ ತಿಳೀವಲ್ದು. ಅವ್ವ ಇದಕ್ಕ ಯಾಕ ಹಂಬಲಸ್ತಾಳ ಅಂತ ಅವತ್ತ ತಿಳೀತು.

ಜೀವಾ ಇಟ್ಟು ಬರದ್ನಿ. ಬಣ್ಣ ಇನ್ನೂ ಹಸಿ ಇತ್ತು, ಹಿಂದ ನಿಂತ ಒಬ್ಬ ಅಜ್ಜಿ “ಉಧೋ” ಅಂತ ಜೈಕಾರ ಹಾಕಿ ಮುಟಗಿ ತುಂಬ ಭಂಡಾರ ಹಾರಿಸಿದ್ಲು. ಅಷ್ಟೂ ಚಿತ್ರದ ಮ್ಯಾಲ ಬಿತ್ತು. ಬೈಯಾಕ ಬಾಯಿ ತಗದಾವ ಹಾಳಿ ಕಡೆ ನೋಡಿದ್ನಿ. ನಾನು ಬರದ ಗುಡ್ಡ ಖರೇ ಗುಡ್ಡದಂಗ ಹೊಳಿಯಾಕತ್ತಿತ್ತು.

ಮನಿಗೆ ತಂದು ಅವ್ವನ ತೊಡಿ ಮ್ಯಾಲ ಇಟ್ನಿ. ಆಕಿ ಬೆರಳ ಮುಟ್ಟಿಸಿದ್ಲು. ಚಿತ್ರ ಓಡಲಿಲ್ಲ. ಬೆರಳ ಹಳದಿ ಆತು. ಹಣಿಗೆ ಹಚ್ಚಿಕೊಂಡು, “ಬಂದ್ಯಾ ನನ್ನವ್ವ,” ಅಂತ ಅತ್ತಬಿಟ್ಲು. ನಾನೂ ಅತ್ನಿ, ಹೇಳಾಕ ನನಗೇನು ನಾಚಿಕಿ ಇಲ್ಲ.

ಅಷ್ಟರಾಗ ಬಾಜೂ ಮನಿಯಾಕಿ ಬಂದ್ಲು, ಆಕಿ ಹಣಿಗೂ ಅವ್ವ ಭಂಡಾರ ಹಚ್ಚಿದ್ಲು. ಆಕಿ ಓಣಿಗೆಲ್ಲಾ ಸುದ್ದಿ ಮುಟ್ಟಿಸಿದ್ಲು. ಬಾಗಲ ಮುಂದ ಪಾಳಿ ಹತ್ತಿತು. ಪುಡಿ ತೀರಿದ ಮ್ಯಾಲ ಅವ್ವ ನೀರಾಗ ಬೆರಳ ಅದ್ದಿ ಅದ್ದಿ ಹಾಳಿ ಒರಸಿದ್ಲು. ಗುಡಿ ಹೋತು, ಮಂದಿ ಹೋದ್ರು. ಕಡೀಗ ಬಂದವರ ಹಣಿ ಮ್ಯಾಲ ಆಕಾಶದ ನೀಲಿನೂ ಇತ್ತು.

ಎಲ್ಲಾರೂ ಹೋದ್ರು. ಹಾಳಿ ಕೈಯಾಗ ಹಿಡಕೊಂಡು ನಿಂತ್ನಿ. “ಎಂದೂ ಬರೀದಂಥಾ ಚಿತ್ರ ಬರದಿದ್ನಿ. ಹೋತಲ್ಲವ್ವ,” ಅಂದ್ನಿ.

ಅವ್ವ ಮೊದಲನೇ ಸಲ ನನ್ನ ಚಿತ್ರ ಹೊಗಳಿದ್ಲು. “ಭಾಳ ಚೊಲೊ ಬರದಿದ್ದಿ ತಮ್ಮಾ. ಹಿಂದಿನ ಓಣಿಯವರಿಗೆ ಮುಟ್ಟಿಲ್ಲ, ಇನ್ನೊಂದ ತಗೊಂಬಾ. ಈ ಸಲ ಬಣ್ಣ ಕಡಿಮಿ ಹಚ್ಚು, ಭಂಡಾರ ಜಾಸ್ತಿ ಇರ್ಲಿ.”