ಭಾವನ ಹುಳು, ಬಾಮೈದನ ಮಿಷನ್ನು

ಬೇರೆ ಬೇರೆ ಕಂಪನಿಯ ಕಂಪ್ಯೂಟರ್ ಇಟ್ಟುಕೊಂಡ ಇಬ್ಬರಲ್ಲಿ ಒಬ್ಬ ಗಂಡ, ಇನ್ನೊಬ್ಬ ತಮ್ಮ ಆಗಿಬಿಟ್ಟರೆ, ಆ ಹೆಂಗಸಿನ ಮನೆಯಲ್ಲಿ ನಗುವ ಸಂಗತಿಗಳಿಗೆ ಕೊನೆಯೇ ಇರುವುದಿಲ್ಲ. ನನಗೆ ಎಪ್ಪತ್ತು ದಾಟಿದೆ. ಇನ್ನೂ ನಡೆಯುತ್ತಲೇ ಇವೆ.

ನಾನು ಹುಟ್ಟಿದ್ದು ರಾಯದುರ್ಗದಲ್ಲಿ, ಮದುವೆಯಾಗಿ ಬಂದದ್ದು ಮಡಕಶಿರಕ್ಕೆ. ಆಂಧ್ರದ ಗಡಿಯ ಈ ಎರಡು ಕಡೆಯೂ ಕನ್ನಡವೇ, ಎರಡು ಕಡೆಯೂ ತೆಲುಗೂ ಇದೆ. ಆದರೂ ತವರಿಗೆ ಹೋಗಬೇಕೆಂದರೆ ಬಸ್ಸು ಬದಲಿಸುವುದರಲ್ಲೇ ಹಗಲು ಮುಗಿಯುತ್ತದೆ. ನಮ್ಮ ಯಜಮಾನರದು ಇಲ್ಲಿ ಟಿವಿ ರಿಪೇರಿ ಅಂಗಡಿ. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದ ಗಿರಾಕಿಯೊಬ್ಬರು ಒಂದು ಪುಟ್ಟ ಕಪ್ಪು ಕಂಪ್ಯೂಟರ್ ಕೊಟ್ಟುಹೋದರು. ಯಜಮಾನರು ಅದನ್ನು ಟಿವಿಗೆ ಜೋಡಿಸಿ ತಾವೇ ಕಲಿತರು. ರಾಯದುರ್ಗದಲ್ಲಿ ಮೇಷ್ಟರಾಗಿದ್ದ ನನ್ನ ತಮ್ಮ ಹಟಕ್ಕೆ ಬಿದ್ದು ಬೇರೆ ಕಂಪನಿಯ ಬಿಳಿ ಕಂಪ್ಯೂಟರ್ ತಂದ. ಆಮೇಲೆ ಹಬ್ಬಕ್ಕೆ ಸೇರಿದಾಗೆಲ್ಲ ಯಾರ ಮಿಷನ್ನು ಮೇಲು ಅನ್ನುವುದೇ ಮಾತು. ಎಲೆಯ ಮೇಲೆ ಹೋಳಿಗೆ ತಣ್ಣಗಾಗುತ್ತಿತ್ತು.

ಅಂಗಳದಲ್ಲಿ ಹುಟ್ಟಿದ ಹುಳು

ಯಜಮಾನರು ಒಂದು ಆಟ ಬರೆದರು. ಟಿವಿಯಲ್ಲಿ ರೇಷ್ಮೆ ಹುಳು ಹರಿಯುತ್ತದೆ, ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಗೋಡೆಗೆ ಬಡಿಯುವ ಮೊದಲೇ ನಾವು ಗುಂಡಿ ಒತ್ತಿ ಅದನ್ನು ತಿರುಗಿಸಬೇಕು. ಪ್ರೋಗ್ರಾಮ್ ಬಂತು, ಹುಳುವಿನ ಚಿತ್ರ ಬರಲಿಲ್ಲ. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ, ಅಷ್ಟರಲ್ಲೇ ಅದನ್ನು ಬರೆಯಬೇಕಂತೆ. ಅವರು ಬರೆದದ್ದು ಒಮ್ಮೆ ಚಪ್ಪಲಿಯಂತೆ, ಒಮ್ಮೆ ಬದನೆಕಾಯಿಯಂತೆ ಕಾಣುತ್ತಿತ್ತು.

"ಇದು ಚುಕ್ಕಿ ರಂಗೋಲಿ ಅಲ್ಲವಾ?" ಎಂದು ನಾನೇ ಅಂಗಳದಲ್ಲಿ ಹಾಕಲು ಕೂತೆ. ಪಕ್ಕದ ಮನೆಯವಳು, ರೇಷ್ಮೆ ಸಾಕುವವಳು, ಬಂದು ನಿಂತಳು.

"ಇದ್ಯಾವ ಹಬ್ಬದ್ದಕ್ಕ?"

"ಹುಳ ಕಣಮ್ಮ. ಟಿವಿಯೊಳಕ್ಕೆ ಬಿಡೋದಂತೆ."

ಅವಳು ತಲೆ ಓರೆ ಮಾಡಿ ನೋಡಿದಳು. "ಕಾಲೇ ಇಲ್ವಲ್ಲಕ್ಕ. ಸೊಪ್ಪು ಹೆಂಗೆ ಹಿಡ್ಕಂತದೆ?" ಎಂದು ಕುಕ್ಕರುಗಾಲಿನಲ್ಲಿ ಕೂತು ಎರಡು ಚುಕ್ಕಿ ಸೇರಿಸಿದಳು.

ಹಾಗಾಗಿ ಆ ಆಟದಲ್ಲಿ ಬುದ್ಧಿ ಯಜಮಾನರದು, ಮೈ ನನ್ನದು, ಕಾಲು ಪಕ್ಕದ ಮನೆಯದು.

ಹೊಸ್ತಿಲು

ಕಪ್ಪು ಕಂಪ್ಯೂಟರ್ ಸುಟ್ಟುಹೋಗಿ ಬಹಳ ವರ್ಷವಾಯಿತು. ಹೋದ ವರ್ಷ ಯಜಮಾನರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಬಂತು, ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಬೆರಳು ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಹಾಗೇ ಬಿಗಿದುಹೋಗುತ್ತದೆ ಎಂದರು ಡಾಕ್ಟರು. ಹಿಚುಕಲು ಕೊಟ್ಟ ಚೆಂಡನ್ನು ಇವರು ಮುಟ್ಟಲಿಲ್ಲ. "ಜೀವಮಾನವೆಲ್ಲ ಸಣ್ಣ ಸಣ್ಣ ವೈರು ಬೆಸೆದ ಕೈ ಇದು. ಚೆಂಡು ಹಿಚುಕೋಕಾ?" ಎಂದು ಕಿಟಕಿ ನೋಡುತ್ತ ಕೂತರು. ನನಗೆ ಆ ಕೈಗಿಂತ ಆ ಕೂತ ರೀತಿಯೇ ಹೆಚ್ಚು ಭಯ ತಂದಿತು.

ತಮ್ಮನಿಗೆ ಫೋನ್ ಮಾಡಿ, "ಆ ಹುಳುವಿನ ಆಟ ಇನ್ನೊಮ್ಮೆ ಬರುತ್ತದಾ?" ಎಂದು ಕೇಳಿದೆ.

"ನನ್ನ ಮಿಷನ್ನಿಗೆ ಭಾವನ ಮಿಷನ್ನಿನ ವೇಷ ಹಾಕೋ ಸಾಫ್ಟ್‌ವೇರ್ ಐತಕ್ಕ, ತರ್ತೀನಿ," ಎಂದ. ಮರುದಿನವೇ ಬಿಳಿ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೊತ್ತು ತಂದ.

ಯಜಮಾನರು ಕುರ್ಚಿಯಿಂದಲೇ ಹೇಳಿದರು: "ಆ ಪೆಟ್ಟಿಗೆ ನನ್ನ ಹೊಸ್ತಿಲು ದಾಟಕೂಡದು."

"ಅದು ಯಾಕ ದಾಟತೈತ್ರಿ ಭಾವ? ದಾಟೋನು ನಾನು. ಅದು ನನ್ನ ಹೆಗಲ ಮ್ಯಾಲ ಐತಿ."

ಸೋಬಾನೆ

ಆಟ ಇದ್ದದ್ದು ಹಳೇ ಕ್ಯಾಸೆಟ್ಟಿನಲ್ಲಿ. ಅದರ ಕಿರುಗುಟ್ಟುವ ಸದ್ದನ್ನು ಕೇಳಿಯೇ ಮಿಷನ್ನು ಪ್ರೋಗ್ರಾಮ್ ಓದಿಕೊಳ್ಳಬೇಕು. ತಮ್ಮ ಟೇಪ್ ರೆಕಾರ್ಡರ್ ಜೋಡಿಸಿ ಹಾಕಿದ. ಕಿರುಗುಟ್ಟಲಿಲ್ಲ. ನಮ್ಮಮ್ಮ ಹಾಡತೊಡಗಿದಳು. ನನ್ನ ಮದುವೆಯ ಸೋಬಾನೆ ಪದ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಅದು.

ನಾವಿಬ್ಬರೂ ಕೊನೆಯವರೆಗೂ ಕೇಳಿದೆವು. ನಾನು ಈ ಊರಿಗೆ ಬಂದ ಹೊಸದರಲ್ಲಿ "ಬರ್ರಿ, ಕುಂದರ್ರಿ" ಅಂದರೆ ಓರಗಿತ್ತಿಯರು ನಗುತ್ತಿದ್ದರು. ಅವರ ಹಾಗೆ ಮಾತಾಡಲು ಕಲಿತೆ. ಆದರೆ ಪ್ರತಿ ಮಾತಿಗೂ ಒಳಗೆ ಒಂದು ಗಳಿಗೆ ನಿಂತು, ಇಲ್ಲಿಯವರು ಇದನ್ನು ಹೇಗೆ ಹೇಳುತ್ತಾರೆ ಎಂದು ಕೇಳಿಕೊಂಡೇ ಬಾಯಿ ಬಿಡಬೇಕಿತ್ತು. ತಮ್ಮನ ಮಿಷನ್ನು ಮಾಡಬೇಕಾದ ಕೆಲಸವೂ ಅದೇ ಇರಬೇಕು ಅನ್ನಿಸಿತು.

ಪರದೆ ಖಾಲಿಯಾಗಿಯೇ ಇತ್ತು. ಒಳಕೋಣೆಯಿಂದ ಯಜಮಾನರ ದನಿ ಬಂತು: "ರಾಯದುರ್ಗದ ಹಾಡು ರಾಯದುರ್ಗದ ಮಿಷನ್ನಿಗೇ ತಿಳೀಲಿಲ್ವಾ?"

ಜ್ವರ

ಕ್ಯಾಸೆಟ್ ತಿರುಗಿಸಿ ಹಾಕಿದ ಮೇಲೆ ಆಟ ಬಂತು. ಹುಳು ಎರಡು ಹೆಜ್ಜೆ ಇಟ್ಟು, ತಲೆ ಎತ್ತಿ ನಿಂತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಅಲುಗಲಿಲ್ಲ. ತಮ್ಮ ವೈರು ಕೀಳಲು ಹೋದ. ನೋಡಲು ಬಂದಿದ್ದ ಪಕ್ಕದ ಮನೆಯವಳು ಅವನ ಕೈ ಹಿಡಿದಳು.

"ಮುಟ್ಟಬ್ಯಾಡಪ್ಪ. ಜ್ವರಕ್ಕೆ ಕೂತದೆ."

ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಆಗ ಅದು ತಲೆ ಎತ್ತಿ ಅಲುಗದೆ ಇರುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ.

"ಇದು ಸಾಫ್ಟ್‌ವೇರ್ ರೀ," ಎಂದ ತಮ್ಮ.

"ಏನಾದ್ರೂ ಆಗ್ಲಿ, ಹುಳ ತಾನೆ? ನಾಳೆ ತಂಕ ಬಿಡು."

ಬೇರೆ ದಾರಿ ಕಾಣದೆ ಆರಿಸಿ ಮಲಗಿದ. ಬೆಳಿಗ್ಗೆ ಹಾಕಿದರೆ ಹುಳು ನಡೆಯಿತು. ಅವಳು ಬಂದು ನೋಡಿ, "ಇನ್ಮ್ಯಾಲೆ ದಪ್ಪ ಆಗ್ತದೆ. ಟಿವಿ ಸಾಲಲ್ಲ, ದೊಡ್ಡದು ತರ್ಸಿ," ಎಂದಳು.

ಕೈ

ಹುಳು ನಡೆಯಿತು ನಿಜ, ಆದರೆ ಬಸುರಿಯ ಹಾಗೆ ನಡೆಯಿತು. ಒಂದು ಮಿಷನ್ನಿನ ಮಾತನ್ನು ಇನ್ನೊಂದು ಮಿಷನ್ನು ಬಿಡಿಸಿಕೊಂಡು ಮಾಡುವಷ್ಟರಲ್ಲಿ ಅರ್ಧ ವೇಗವೂ ಉಳಿದಿರಲಿಲ್ಲ. ಬಾಗಿಲಿಗೆ ಬಂದು ನೋಡುತ್ತಿದ್ದ ಯಜಮಾನರ ಎದುರು ತಮ್ಮನಿಗೆ ನಾಚಿಕೆ. "ಸ್ವಲ್ಪ ತಡಿರಿ ಭಾವ, ಸರಿ ಮಾಡ್ತೀನಿ," ಎಂದು ಎದ್ದು ನೀರು ಕುಡಿಯಲು ಹೋದ.

ಯಜಮಾನರು ಕುರ್ಚಿ ಎಳೆದುಕೊಂಡರು. ಎಡಗೈಯಿಂದ ಬಲಗೈಯನ್ನು ಎತ್ತಿ ಗುಂಡಿಗಳ ಮೇಲಿಟ್ಟರು. ಹುಳು ಗೋಡೆಯ ಕಡೆ ಹರಿಯುತ್ತಿತ್ತು. ತೋರುಬೆರಳು ನಡುಗುತ್ತ ನಡುಗುತ್ತ ಹೊರಟಿತು. ಹುಳು ಗೋಡೆ ಮುಟ್ಟುವ ಮೊದಲು ಬೆರಳು ಗುಂಡಿ ಮುಟ್ಟಿತು. ಹುಳು ತಿರುಗಿತು. ಒಂದು ಸೊಪ್ಪು, ಇನ್ನೊಂದು, ಮತ್ತೊಂದು. ಸಂಜೆಯ ಹೊತ್ತಿಗೆ ಅವರ ಹಳೆಯ ದಾಖಲೆಯೇ ಮುರಿಯಿತು.

"ನೋಡಯ್ಯ," ಎಂದರು ತಮ್ಮನಿಗೆ.

ತಮ್ಮನಿಗೆ ಬಾಯಿ ತಡೆಯಬೇಕಲ್ಲ. "ಇದು ಲೆಕ್ಕಕ್ಕಿಲ್ರಿ ಭಾವ, ಮಿಷನ್ನು..." ಎಂದು ಶುರುಮಾಡಿ ನಿಲ್ಲಿಸಿದ.

"ಹೇಳು, ಹೇಳು. ಮಿಷನ್ನು ಏನು?"

ನಿಧಾನ ಅಂದರೆ ಇಷ್ಟು ವರ್ಷದ ಜಗಳ ಸೋತಂತೆ. ಅಲ್ಲ ಅಂದರೆ ಭಾವನ ದಾಖಲೆ ಒಪ್ಪಿದಂತೆ. ತಮ್ಮ ಪರದೆ ನೋಡಿದ, ಗುಂಡಿಯ ಮೇಲಿದ್ದ ಆ ಬೆರಳು ನೋಡಿದ.

"ಮಿಷನ್ನು ಸರಿಯಾಗೇ ಐತ್ರಿ," ಎಂದ. "ನಿಮ್ಮ ಕೈನೇ ಜೋರಾಗೈತಿ."

ಯಜಮಾನರು ನನ್ನ ಕಡೆ ತಿರುಗಿದರು. "ಕೇಳಿದೆಯೇನೇ? ಮದುವೆಯಾದಾಗಿನಿಂದ ನಿನ್ನ ತಮ್ಮ ಇದೊಂದು ಸಲ ನಿಜ ಹೇಳಿದ."