ಫಯಾಜ ಕುದುರಿಸಿದ ಕಥೆ

ಎಮ್ಮೆ ದಲಾಲ ಫಯಾಜ ಕೈಹಾಕಿದರೆ ಕುದುರದ ವ್ಯಾಪಾರವೇ ಇಲ್ಲ ಎಂದು ಮೂಡಲಗಿಯ ದನದ ಸಂತೆಯಲ್ಲಿ ಹೆಸರಿತ್ತು. (ಆ ಹೆಸರನ್ನು ಊರ ತುಂಬ ಹಬ್ಬಿಸಿದವನೂ ಅವನೇ.) ಅಂಥವನ ಮನೆಯಲ್ಲೇ ಒಂದು ವ್ಯಾಪಾರ ಕುದುರದೆ ಕೂತಿದ್ದರೆ ಅವನಿಗೆ ರೊಟ್ಟಿ ಹೇಗೆ ಸೇರಬೇಕು?

ಮಾಲು, ಹೆಂಡತಿ ಸುರಯ್ಯಾ ಬರೆದ ಮೊದಲ ಕಥೆ. ಹುಕ್ಕೇರಿಯ ಮಾಸಪತ್ರಿಕೆಯ ಸಂಪಾದಕ ಮುರಿಗೆಪ್ಪನವರು ಅದನ್ನು ಮೆಚ್ಚಿ ಕರಾರುಪತ್ರ ಕಳಿಸಿದ್ದರು. ಐನೂರು ರೂಪಾಯಿ ಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಪುಸ್ತಕ, ರೇಡಿಯೊ, ಸಿನಿಮಾ ಹಾಗೂ ಮನುಷ್ಯಕುಲ ಇನ್ನು ಮುಂದೆ ಕಂಡುಹಿಡಿಯಬಹುದಾದ ಸಕಲ ಮಾಧ್ಯಮಗಳ ಹಕ್ಕು ಆಚಂದ್ರಾರ್ಕವಾಗಿ ಪತ್ರಿಕೆಗೇ ಸೇರತಕ್ಕದ್ದು.

"ನಾ ಸಹಿ ಮಾಡಂಗಿಲ್ಲ," ಎಂದಳು ಸುರಯ್ಯಾ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಒಂದ ಸಲ ಅಚ್ಚ ಹಾಕ್ಲಿ. ಆಮ್ಯಾಲ ಕತಿ ನಂದು."

"ಮೊದಲನೇ ಕತಿ ಐತಿ. ಹೆಸರ ಬರ್ತೈತಲ್ಲ, ಸಾಕಾಗೂದಿಲ್ಲೇನ?"

"ನಿಮ್ಮ ಹೆಸರ ಪೇಪರದಾಗ ಹಾಕ್ತೀವಿ, ಎಮ್ಮಿ ಕಟ್ಟಿ ಹೋಗ್ರಿ ಅಂದ್ರ ಹೋಗ್ತೀರೇನ?"

ಎಮ್ಮೆಯ ಮಾತು ಬಂದದ್ದೇ ಫಯಾಜನಿಗೆ ಎಲ್ಲ ನಿಚ್ಚಳವಾಯಿತು. ಸಂಪಾದಕರ ಮೇಲೆ ಮೈಯೆಲ್ಲ ಉರಿಯಿತು. ಮದುವೆ ಮನೆಯ ಬ್ಲೌಸು ಮುಗಿಯುವ ತನಕ ಸುರಯ್ಯಾ ಏಳುವಂತಿರಲಿಲ್ಲವಾದ್ದರಿಂದ, ತಾನೇ ಹೋಗಿ ಮಾತಾಡುತ್ತೇನೆಂದು ಟವೆಲು ಹೆಗಲಿಗೇರಿಸಿದ.

"ರೊಕ್ಕ ಕಮ್ಮಿ ಆದ್ರ ಆಗ್ಲಿ, ಹಕ್ಕ ಬಿಡಬ್ಯಾಡ್ರಿ," ಎಂದು ಅವಳು ಬಾಗಿಲ ತನಕ ಬಂದು ಹೇಳಿದಳು.

ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟಿದ ಫಯಾಜ, ಮುರಿಗೆಪ್ಪನವರು ಚಾಚಿದ ಕೈಮೇಲೆ ಟವೆಲು ಹೊದಿಸಿ ಒಳಗಿಂದ ಬೆರಳು ಹಿಡಿದ. (ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ, ಟವೆಲಿನ ಮರೆಯಲ್ಲಿ ಬೆರಳು ಒತ್ತಿ ಹೇಳುತ್ತಾರೆ.) ಸಂಪಾದಕರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ.

"ಏನ್ರಿ ಇದು, ಬೆರಳ ಬಿಡ್ರಿ."

"ಸಾವಿರ ರೂಪಾಯಿ. ಒಂದ ಸಲ ಅಚ್ಚು. ಹಕ್ಕ ಎಲ್ಲಾ ನಮ್ಮ ಮನಿಯಾಕಿದು. ಹೂಂ ಅನ್ರಿ, ಬಿಡ್ತೇನಿ."

ಮುರಿಗೆಪ್ಪನವರು ಹೂಂ ಅಂದರು. ಬೆರಳು ನೀವಿಕೊಳ್ಳುತ್ತ, "ಹಂಗಾದ್ರ ನಮಗೇನ ಉಳೀತ್ರಿ?" ಎಂದು ಮುಖ ಸಣ್ಣದು ಮಾಡಿದರು.

ಎಡವಟ್ಟಾದದ್ದು ಅಲ್ಲೇ. ಕೊಂಡವನು ಮುಖ ಸಣ್ಣದು ಮಾಡಿಕೊಂಡು ಹೋದರೆ ದಲಾಲನ ಮಾನ ಹೋದಂತೆ. ಅಂಥ ಹೊತ್ತಿನಲ್ಲಿ ಎಮ್ಮೆಯ ಜೊತೆ ಕರುವನ್ನೂ ಬಿಟ್ಟುಕೊಟ್ಟು ಅವನನ್ನು ನಗಿಸಿ ಕಳಿಸುವುದು ಸಂತೆಯ ರೂಢಿ.

"ಇದರ ಹಿಂದಿನ ಕರಾನೂ ನೀವ ತಗೋರಿ," ಎಂದುಬಿಟ್ಟ ಫಯಾಜ. "ಅಂದ್ರ ಮುಂದಿನ ಕತಿ. ಪುಕ್ಕಟ. ಹಕ್ಕೂ ನಿಮ್ದ."

ಮುರಿಗೆಪ್ಪನವರ ಮುಖ ಅರಳಿತು. ಎರಡನ್ನೂ ಬರೆಸಿ, ಫಯಾಜನ ಸಹಿ ಹಾಕಿಸಿಕೊಂಡು, ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದರು.

ಮನೆಯಲ್ಲಿ ಕರಾರು ಓದುತ್ತ ಸುರಯ್ಯಾ ಮೊದಲು ನಕ್ಕಳು. ಮುಂದಿನ ಕಥೆಯ ಸಾಲಿಗೆ ಬಂದದ್ದೇ ಯಂತ್ರ ನಿಂತಿತು. ಅವಳು ಬೈಯಲಿಲ್ಲ. ಬೈದಿದ್ದರೆ ಫಯಾಜ ಬದುಕಿಕೊಳ್ಳುತ್ತಿದ್ದ.

"ಮೊದಲನೇ ಕತಿಗೆ ನಾ ಸಹಿ ಹಾಕಿ ಕಳಸ್ತೇನಿ. ಎರಡನೇದಕ್ಕ ನನ್ನ ಕೇಳಿಲ್ಲ, ನನ್ನ ಸಹಿ ಇಲ್ಲ. ಮಾತ ಕೊಟ್ಟವರು ನೀವು. ಕುಂತ ಬರೀರಿ."

ಕೊಟ್ಟ ಮಾತಿಗೆ ತಪ್ಪಿದ ದಲಾಲನನ್ನು ಸಂತೆಯಲ್ಲಿ ಯಾರೂ ನಿಲ್ಲಗೊಡುವುದಿಲ್ಲ. ಫಯಾಜ ಕೂತ. ಕುಲಗೋಡಕ್ಕೆ ಮಾರಿಹೋಗಿ, ಅಲ್ಲಿಂದ ಹಗ್ಗ ಹರಿದುಕೊಂಡು ಹಳೆಯ ಒಡೆಯನ ಮನೆಗೆ ಓಡಿಬಂದ ಎಮ್ಮೆಯೊಂದರ ಕಥೆ ಬರೆದ, ಹರಿದ, ಮತ್ತೆ ಬರೆದ. ಸಂತೆ ತಪ್ಪಿತು, ಗಡ್ಡ ಬೆಳೆಯಿತು. ಎಮ್ಮೆ ಅಂಗಳಕ್ಕೆ ಬಂದು ನಿಂತ ಕೊನೆಯ ಸಾಲು ಬರೆದಾಗ ಅವನೇ ಅತ್ತುಬಿಟ್ಟ.

ಕಣ್ಣೊರೆಸಿಕೊಂಡ ಮೇಲೆ ಸಿಟ್ಟು ಬಂತು.

"ಇಷ್ಟ ಜೀವಾ ತೇದ ಬರದದ್ದ ಪುಕ್ಕಟ ಕೊಡಬೇಕೇನ? ನಾಳಿ ಅದಕ್ಕ ಯಾರರೆ ಸಿನಿಮಾ ಮಾಡಿದ್ರ ನಾ ಬಾಯಿ ಬಿಟ್ಕೊಂಡ ನೋಡಬೇಕೇನ? ನಾ ಕೊಡಂಗಿಲ್ಲ."

ಸುರಯ್ಯಾ ಹಾಳೆಗಳನ್ನು ಓದಿದಳು. ಚೆನ್ನಾಗಿತ್ತು, ಅದನ್ನು ಅವಳು ಹೇಳಲಿಲ್ಲ.

"ನೀ ಹುಕ್ಕೇರಿಗೆ ಹೋಗಿ ಹೆಂಗರ ಮಾಡಿ ಬಿಡಿಸ್ಕೊಂಡ ಬಾ," ಎಂದು ಫಯಾಜ ದನಿ ಇಳಿಸಿದ. "ನನಗ ಈ ಮಾಲಿನ ವ್ಯಾಪಾರ ತಿಳಿಯೂದಿಲ್ಲ."

"ಹೋಗ್ತೇನಿ," ಎಂದು ಸುರಯ್ಯಾ ಕತ್ತರಿ ಕೆಳಗಿಟ್ಟಳು. "ಮೊದಲ ನನ್ನ ದಲಾಲಿ ಎಷ್ಟ ಅನ್ನೂದ ಮಾತಾಡ್ರಿ."