ಬೋರ್ಡು ಹುಡುಕುವ ನಮ್ಮ ಬೀಗರು

ನಮ್ಮ ಬೀಗರು ನಾಳೆ ಸ್ವರ್ಗದ ಬಾಗಿಲಿಗೆ ಹೋದರೂ ಸುಮ್ಮನೆ ಒಳಗೆ ಕಾಲಿಡುವವರಲ್ಲ. ಮೊದಲು ಬಾಗಿಲಿನ ಎಡಕ್ಕೂ ಬಲಕ್ಕೂ ಕಣ್ಣಾಡಿಸಿ ಬೋರ್ಡು ಹುಡುಕುತ್ತಾರೆ. ಕಾಮಗಾರಿಯ ಹೆಸರೇನು, ಶುರುವಾದದ್ದು ಯಾವಾಗ, ಮುಗಿಯಬೇಕಾದದ್ದು ಯಾವಾಗ, ಗುತ್ತಿಗೆ ಯಾರದು, ದೂರಿದ್ದರೆ ಯಾರಿಗೆ ಫೋನು ಮಾಡಬೇಕು? ಇಷ್ಟೂ ಬರೆದ ಬೋರ್ಡು ಕಾಣದಿದ್ದರೆ ಬ್ರಹ್ಮನನ್ನೇ ಹೊರಗೆ ಕರೆಸಿ, "ಏನ್ ಸ್ವಾಮಿ, ಇಷ್ಟು ದೊಡ್ಡ ಕೆಲ್ಸ ಮಾಡಿದ್ದೀರ, ಒಂದು ಬೋರ್ಡ್ ಹಾಕ್ಸೋಕೆ ಆಗ್ಲಿಲ್ವಾ?" ಎಂದು ಕೇಳುತ್ತಾರೆ. ಬ್ರಹ್ಮ ತಲೆ ಕೆರೆದುಕೊಳ್ಳಬೇಕು, ನಾಲ್ಕನ್ನೂ!

ಬೀಗರು ಎಂದರೆ ನನ್ನ ಮಗಳ ಮಾವ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದ ರೀಲರ್. ನಾನು ಮೇಲೂರಿನವಳು, ಹುಳ ಮೇಯಿಸಿ ಗೂಡು ಬೆಳೆಯುವವಳು. ನಾವು ಬೆಳೆಯುವವರು, ಅವರು ಕೊಳ್ಳುವವರು. ಗೂಡಿನ ಮಾರುಕಟ್ಟೆಯಲ್ಲಿ ಮೊದಲಿನಿಂದಲೂ ಎದುರುಬದುರು ನಿಂತವರು, ಸಂಬಂಧ ಬೆಳೆಸಿದ ಮೇಲೂ ಎದುರುಬದುರೇ ನಿಂತಿದ್ದೇವೆ. ಈಗ ನಮ್ಮಿಬ್ಬರ ನಡುವೆ ಇರುವುದು ಗೂಡಲ್ಲ, ಮೊಮ್ಮಗಳು. ನನಗೂ ಅವಳೊಬ್ಬಳೇ, ಅವರಿಗೂ ಅವಳೊಬ್ಬಳೇ. ಅವಳಿಗೆ ಮಾತ್ರ ತಾತ ಎಂದರೆ ಒಂದು ತೂಕ ಜಾಸ್ತಿ. ನನಗೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟುಕೊಂಡು ಯಾರಿಗೆ ಏನಾಗಬೇಕು?

ಆದರೆ ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ನನ್ನ ಮೊಮ್ಮಗಳು ಇಂಜಿನಿಯರ್! ತಲೆಗೆ ಬಿಳಿ ಟೋಪಿ, ಕಾಲಿಗೆ ಗಂಡಸರ ಬೂಟು. ಕಂಬಗಳ ಮೇಲೆ ರೈಲು ಓಡಿಸುವ ಒಂದು ದೊಡ್ಡ ಕೆಲಸ ದೇವನಹಳ್ಳಿಯ ಆಚೆ ನಡೆಯುತ್ತಿದೆ. ಅಲ್ಲಿ ಕಟ್ಟುವವರು ಕಟ್ಟುತ್ತಾರೆ. ಕಟ್ಟಿದ್ದು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವವಳು ನಮ್ಮ ಹುಡುಗಿ. ಅವಳು "ಹೂಂ" ಎಂದರೆ ಮುಂದಿನ ಕೆಲಸ, "ಊಹೂಂ" ಎಂದರೆ ಮಿಷನ್ನುಗಳೆಲ್ಲ ಗಪ್‌ಚಿಪ್! ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ವಂಶದಲ್ಲಿ ಮಿಷನ್ನು ನಿಲ್ಲಿಸುವವಳು ಹುಟ್ಟುತ್ತಾಳೆಂದು ಯಾರಾದರೂ ಎಣಿಸಿದ್ದರೇ?

ಕೆಲಸ ಸಿಕ್ಕ ದಿನ ಫೋನು ಮಾಡಿದಳು. "ಅಜ್ಜೀ, ಸಿಕ್ತು! ತಪಾಸಣೆ ಮಾಡೋದನ್ನ ಯಾರಿಂದ ಕಲಿತೆ ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ರು. ನಮ್ ತಾತನಿಂದ ಅಂದೆ!"

ಸಂತೋಷಕ್ಕೆಂದು ಬಾಯಿಗೆ ಹಾಕಿಕೊಂಡಿದ್ದ ಬೆಲ್ಲದ ಚೂರು ನಾಲಿಗೆಯ ಮೇಲೆ ಹಾಗೆಯೇ ಕುಳಿತುಬಿಟ್ಟಿತು. ತಾತನಿಂದಂತೆ!

ಈ ತಾತನ ತಪಾಸಣೆ ಎಂಥದ್ದೆಂದು ನಿಮಗೂ ಗೊತ್ತಾಗಲಿ. ಬಹಳ ಹಿಂದೆ ಅವರ ಮನೆ ಮುಂದೆ ಹೊಸದಾಗಿ ಕಟ್ಟಿದ ಚರಂಡಿ ಮೊದಲ ಮಳೆಗೇ ಕುಸಿಯಿತು. ಕೇಳಲು ಒಂದು ಕಚೇರಿಗೆ ಹೋದರು. ದಿನಾ ಹೋದರು. ಕೊನೆಗೆ ಅಲ್ಲಿದ್ದ ಪುಣ್ಯಾತ್ಮನೊಬ್ಬ, ಈ ಮನುಷ್ಯ ತೊಲಗಿದರೆ ಸಾಕೆಂದು, ಕಪಾಟಿನಿಂದ ಒಂದು ನಿಯಮದ ಪುಸ್ತಕ ತೆಗೆದು ಕೈಗಿಟ್ಟ. ಮನೆಗೆ ಬಂದು ನೋಡಿದರೆ ಅದು ಚರಂಡಿಯ ಪುಸ್ತಕವಲ್ಲ, ರೈಲಿನ ಪುಸ್ತಕ! ರೈಲು, ಮೆಟ್ರೋ, ದೊಡ್ಡ ಸೇತುವೆ ಕಟ್ಟುವಾಗ ಸರ್ಕಾರ ಅದನ್ನು ಹೇಗೆ ಕಾಯಬೇಕು ಎಂಬ ನಿಯಮಗಳು. ಬೇರೆಯವರಾಗಿದ್ದರೆ ಹಿಂದಿರುಗಿಸುತ್ತಿದ್ದರು. ನಮ್ಮ ಬೀಗರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ದಿನಕ್ಕೊಂದು ಪುಟದಂತೆ ಅದನ್ನು ಪಾರಾಯಣ ಮಾಡಿದರು. ಚರಂಡಿ ಇವತ್ತಿಗೂ ಕುಸಿದೇ ಇದೆ, ಅದು ಬೇರೆ ಮಾತು.

ಆ ಪುಸ್ತಕದಲ್ಲಿ ಅವರಿಗೆ ಬಹಳ ಹಿಡಿಸಿದ್ದು ಥರ್ಡ್ ಪಾರ್ಟಿ. ಅಂದರೆ ಕಟ್ಟಿದವನೂ ಅಲ್ಲ, ಕಟ್ಟಿಸಿದವನೂ ಅಲ್ಲ, ಮೂರನೆಯವನು ಬಂದು ನೋಡಬೇಕು. "ಗೂಡು ಬೆಳೆದೋರೇ ನಮ್ ಗೂಡು ಚೆನ್ನಾಗೈತೆ ಅಂದ್ರೆ ನಂಬ್ತೀವಾ? ಹಿಡಿಯಲ್ಲಿ ತಗೊಂಡು ಕಿವಿ ಹತ್ರ ಅಲ್ಲಾಡ್ಸಿ ನೋಡಲ್ವಾ? ಇದೂ ಅಷ್ಟೇ ಅಮ್ಮ" ಎಂದು ನನ್ನ ಮುಖಕ್ಕೇ ಹೇಳಿದರು. ಗೂಡು ಬೆಳೆದವಳ ಮುಖಕ್ಕೆ!

ಒಮ್ಮೆ ಅವರೆಕಾಯಿ ಕಾಲದಲ್ಲಿ ಮೇಲೂರಿಗೆ ಊಟಕ್ಕೆ ಬಂದಿದ್ದರು. ಹಿತಕಿದ ಬೇಳೆ ಸಾರು ಮಾಡಿದ್ದೆ. ಬಡಿಸುತ್ತಾ, "ಇವತ್ತು ಸಾರು ಚೆನ್ನಾಗಿ ಬಂದಿದೆ ಬೀಗ್ರೇ" ಎಂದೆ. ಅಷ್ಟೇ! ಎತ್ತಿದ ತುತ್ತು ಎಲೆಗಿಳಿಸಿದರು.

"ಮಾಡಿದೋರು ನೀವು. ನೀವೇ ಚೆನ್ನಾಗಿದೆ ಅನ್ನೋ ಹಂಗಿಲ್ಲ."

"ಹಂಗಾದ್ರೆ ನೀವೇ ತಿಂದು ಹೇಳಿ."

"ನಾನು ತಿನ್ನೋನು. ನಾನೂ ಹೇಳೋ ಹಂಗಿಲ್ಲ."

ಪಕ್ಕದ ಮನೆಯವಳನ್ನು ಕೂಗಿ ಕರೆದರು. ಇಪ್ಪತ್ತು ವರ್ಷದಿಂದ ನನ್ನ ಮನೆಯ ಸಾರು ಬಟ್ಟಲು ಬಟ್ಟಲು ಇಸಿದುಕೊಂಡು ಹೋಗುವವಳು, ಒಂದು ದಿನ ತುಟಿ ಪಿಟಕ್ಕೆಂದವಳಲ್ಲ. ಅಧಿಕಾರ ಬಂತು ನೋಡಿ! ಅಂಗೈಗೆ ಎರಡು ತೊಟ್ಟು ಹಾಕಿಸಿಕೊಂಡು, ನೆಕ್ಕಿ, ಸೂರು ನೋಡಿ, "ಉಪ್ಪು ತಕ್ಕುವ" ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟಳು. ಉಪ್ಪು ಕಡಿಮೆಯಂತೆ! ಮೊಮ್ಮಗಳು ಆಗ ಏಳೆಂಟು ವರ್ಷದವಳು. ಕುಣಿಕುಣಿದು ಉಪ್ಪಿನ ಡಬ್ಬಿ ತಂದು ತಾತನ ಮುಂದಿಟ್ಟಳು. ನನ್ನ ಮುಂದಲ್ಲ.

ಇನ್ನೊಂದು ಕೇಳಿ. ನಮ್ಮ ಹೊಸ ಮನೆಗೆ ತಾರಸಿ ಹಾಕಿಸುವ ದಿನ ಬೀಗರು ಬೆಳಿಗ್ಗೆಯೇ ಹಾಜರು. ಕಲಸಿದ ಕಾಂಕ್ರೀಟಿನಲ್ಲಿ ಒಂದಿಷ್ಟು ತೆಗೆದು ಅಚ್ಚಿಗೆ ಹಾಕಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಆಮೇಲೆ ಒಡೆದು ನೋಡಬೇಕು ಎಂದು ಪುಸ್ತಕದಲ್ಲಿದೆಯಂತೆ. ಅಚ್ಚು ಎಲ್ಲಿಂದ ತರುವುದು? ನನ್ನ ಅತ್ತೆಯ ಕಾಲದ ಹಿತ್ತಾಳೆಯ ಸೇರು ಕಣ್ಣಿಗೆ ಬಿತ್ತು. ನಾನು ಕೂಲಿಯವರಿಗೆ ಕಾಫಿ ಕೊಟ್ಟು ಬರುವಷ್ಟರಲ್ಲಿ ಸೇರಿನ ತುಂಬ ಕಾಂಕ್ರೀಟು! ಮೊಮ್ಮಗಳು ಅದರ ಮೇಲೆ ಮೊಳೆಯಿಂದ ತಾರೀಖು ಗೀಚುತ್ತಿದ್ದಾಳೆ.

ಇಪ್ಪತ್ತೆಂಟು ದಿನ ನನ್ನ ನೀರಿನ ಡ್ರಮ್ಮಿನಲ್ಲಿ ಅದರ ತಪಸ್ಸು ನಡೆಯಿತು. ಇಪ್ಪತ್ತೆಂಟನೆಯ ದಿನ ಬೀಗರು ಶಿಡ್ಲಘಟ್ಟದಿಂದ ಬಂದರು. ಒಡೆಯುವ ಮಿಷನ್ನು ನಮ್ಮೂರಿನಲ್ಲಿಲ್ಲವಲ್ಲ! ಹಿಪ್ಪುನೇರಳೆ ಸೊಪ್ಪು ತುಂಬಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿ, ಚಕ್ರದ ಕೆಳಗಿಟ್ಟರು. ಟ್ರ್ಯಾಕ್ಟರ್ ಹತ್ತಿ ಇಳಿಯಿತು. ಸೇರು ಸೀಳಿ ಎರಡು ಹೋಳಾಯಿತು. ಒಳಗಿನ ಕಾಂಕ್ರೀಟು ಮಾತ್ರ ದುಂಡಗೆ ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು.

"ಪಾಸ್!" ಎಂದು ಬೀಗರು ಕೂಗಿದರು.

"ನನ್ನ ಸೇರು?" ಎಂದೆ.

ಮೊಮ್ಮಗಳು ಹೇಳಿದಳು, "ಸೇರು ಫೇಲ್ ಅಜ್ಜಿ!"

ಆ ಕಾಂಕ್ರೀಟಿನ ದಿಂಡು ಈಗ ಅವಳ ಬಾಡಿಗೆ ರೂಮಿನ ಮೇಜಿನ ಮೇಲಿದೆ. ಕಾಗದ ಹಾರದಂತೆ ಇಟ್ಟುಕೊಂಡಿದ್ದಾಳೆ. "ಇದು ನಮ್ ತಾತಂದು" ಎಂದು ಬಂದವರಿಗೆಲ್ಲ ತೋರಿಸುತ್ತಾಳಂತೆ. ಒಳಗಿನದು ತಾತನದು ಸರಿ, ಆಕಾರ ನನ್ನ ಸೇರಿನದಲ್ಲವೇ!

ನನ್ನ ಹೊಟ್ಟೆ ಸರಿಯಾಗಿ ಉರಿದದ್ದು ರಂಗೋಲಿಯ ದಿನ. ಶಿಡ್ಲಘಟ್ಟದ ಅವರ ಬೀದಿಯಲ್ಲಿ ಮಕ್ಕಳಿಗೆ ರಂಗೋಲಿ ಪಂದ್ಯ ಇಟ್ಟಿದ್ದರು. ಬೀಗರೇ ತೀರ್ಪುಗಾರರು. ಒಂದಾಯಿತು, ಎರಡಾಯಿತು, ಮೂರನೆಯ ರಂಗೋಲಿಯ ಹತ್ತಿರ ಬಂದವರು ನಿಂತರು. ಕೈಯಲ್ಲಿದ್ದ ಚೀಟಿಯನ್ನು ಪಕ್ಕದವರಿಗೆ ಕೊಟ್ಟರು. "ಇದು ನನ್ ಮೊಮ್ಮಗಳದು. ಸಂಬಂಧ ಇರೋ ಕಡೆ ತೀರ್ಪು ಕೊಡೋ ಹಂಗಿಲ್ಲ. ರೂಲು" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹುಡುಗಿಗೆ ಬಹುಮಾನ ಬರಲಿಲ್ಲ. ನಾನಾಗಿದ್ದರೆ ಒಂದು, ಎರಡು, ಮೂರು, ಮೂರೂ ಬಹುಮಾನ ಅವಳಿಗೇ ಕೊಡುತ್ತಿದ್ದೆ! ಅಳುತ್ತಾಳೇನೋ ಎಂದು ಸೆರಗು ಹಿಡಿದು ಸಿದ್ಧಳಾಗಿ ನಿಂತೆ. ಅವಳು ಕಣ್ಣರಳಿಸಿ, "ನಮ್ ತಾತ ಎಷ್ಟು ನೇರ ಅಲ್ವಾ ಅಜ್ಜಿ?" ಎಂದಳು. ಆ ಸೆರಗಿನಲ್ಲಿ ನನ್ನ ಮುಖವನ್ನೇ ಒರೆಸಿಕೊಂಡೆ.

ಹೀಗಾಗಿ ಕೆಲಸ ಸಿಕ್ಕ ದಿನ ಫೋನಿನಲ್ಲಿ ಬಿಡದೆ ಕೇಳಿದೆ. "ತಪಾಸಣೆ ತಾತನಿಂದ ಕಲಿತೆ ಸರಿ ಕಣೇ. ಇಪ್ಪತ್ತೆಂಟು ದಿನ ಕಾಯೋದನ್ನ ಯಾರಿಂದ ಕಲಿತೆ?" ಏಕೆಂದರೆ ರಜೆಗೆ ಬಂದಾಗಲೆಲ್ಲ ಅವಳನ್ನು ಹುಳದ ತಟ್ಟೆಯ ಪಕ್ಕ ಕೂರಿಸಿಕೊಂಡು ದಿನ ಎಣಿಸಿದವಳು ನಾನು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಹುಳಕ್ಕೂ ಹೆಚ್ಚುಕಡಿಮೆ ಇಪ್ಪತ್ತೆಂಟೇ ದಿನ. ನಡುವೆ ನಾಲ್ಕು ಸಲ ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಾವು ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಮ್ಮನೆ ಕಾಯಬೇಕು. ಇದು ಯಾವ ಪುಸ್ತಕದಲ್ಲಿದೆ ಹೇಳಿ!

ಮೊಮ್ಮಗಳು ನಕ್ಕಳು. "ನಿನ್ನಿಂದಾನೇ ಅಜ್ಜಿ. ಕಾಲೇಜ್ ಲ್ಯಾಬಲ್ಲಿ ಕಾಂಕ್ರೀಟ್ ಕ್ಯೂಬ್ ನೀರಲ್ಲಿಟ್ಟಾಗ ಯಾರಾದ್ರೂ ಮುಟ್ಟೋಕೆ ಬಂದ್ರೆ, ಜ್ವರಕ್ಕೆ ಕೂತಿದೆ, ಮುಟ್ಬೇಡಿ ಅಂತಿದ್ದೆ."

ಮೇಲೂರಿನಲ್ಲಿ ಈ ಮಾತು ಕೇಳದ ಮನೆ ಒಂದೂ ಉಳಿಯಲಿಲ್ಲ. ಬೀಗರಿಗೂ ಫೋನು ಮಾಡಿ ಹೇಳಿದೆ. "ಪುಸ್ತಕದಲ್ಲಿ ಜ್ವರ ಅಂತ ಬರೆದಿಲ್ವಲ್ಲಮ್ಮ" ಎಂದರು. ಅವರಿಗೂ ಹೊಟ್ಟೆಕಿಚ್ಚು! ಆ ದಿನ ನನಗೆ ಎರಡು ಮುದ್ದೆ ಇಳಿಯಿತು.

ಆದರೆ ಬೀಗರ ಹತ್ತಿರ ನನಗೆ ಮೀರಿಸಲಾಗದ ಒಂದು ವಸ್ತುವಿತ್ತು. ಈ ರೈಲಿನ ಕೆಲಸ ಶುರುವಾದಾಗ, ಊರಿನ ನಾಲ್ಕು ಜನ ಸಾಮಾನ್ಯರೂ ನೋಡುತ್ತಿರಲಿ ಎಂದು ಒಂದು ನಾಗರಿಕ ಸಮಿತಿ ಮಾಡಿದರು. ಬೀಗರು ಅರ್ಜಿಯ ಮೇಲೆ ಅರ್ಜಿ ಬರೆದು ಅದರೊಳಗೆ ಸೇರಿಕೊಂಡರು. ಅವರಿಗೆ ಫೋಟೊ ಇರುವ ಒಂದು ಕಾರ್ಡು ಕೊಟ್ಟರು. ಅದು ಅವರ ಕೊರಳಿನಿಂದ ಇಳಿದದ್ದನ್ನು ನಾನು ಕಾಣೆ. ಮದುವೆಗೂ ಕಾರ್ಡು, ತಿಥಿಗೂ ಕಾರ್ಡು. ತಿಂಗಳಿಗೊಂದು ದಿನ ಟೋಪಿ ಹಾಕಿಕೊಂಡು ಒಳಗೆ ಹೋಗಿ, ಕಂಬಕ್ಕೆ ಕಲ್ಲಿನಿಂದ ಕುಟ್ಟಿ, ಗೂಡು ನೋಡುವ ಹಾಗೆ ಕಿವಿಯಿಟ್ಟು ಕೇಳಿ ಬರುತ್ತಿದ್ದರು. ಆ ದಿನ ಅವರ ನಡಿಗೆಯೇ ಬೇರೆ. ಮೊಮ್ಮಗಳು ಇಂಜಿನಿಯರ್, ತಾತ ಸಮಿತಿ, ಅಜ್ಜಿ ಮಾತ್ರ ಸೊಪ್ಪು ಕತ್ತರಿಸುವವಳು!

ಹೋದ ಭಾನುವಾರ ಮೊಮ್ಮಗಳ ರೂಮಿಗೆ ಹೋಗೋಣವೆಂದು ಮಾತಾಗಿತ್ತು. ಬೀಗರು ಶಿಡ್ಲಘಟ್ಟದಲ್ಲೇ ಬಸ್ಸು ಹತ್ತಿ ಪಕ್ಕದಲ್ಲಿ ಚೀಲವಿಟ್ಟು ಸೀಟು ಹಿಡಿದಿದ್ದರು. ಮೇಲೂರಿನಲ್ಲಿ ಒಬ್ಬಟ್ಟಿನ ಡಬ್ಬಿ ಹಿಡಿದು ನಾನು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ, ಹೆಂಗಸರಿಗೆ ಫ್ರೀ. ಅವರು ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದಾರೆ! ಅಷ್ಟಾದರೂ ನನ್ನದು ಮೇಲು ಎಂದುಕೊಂಡು ಕುಳಿತು ನೋಡುತ್ತೇನೆ, ಕೊರಳಲ್ಲಿ ಕಾರ್ಡಿಲ್ಲ!

ಒಳಗೊಳಗೇ ಹಿಗ್ಗಿದೆ. ಸುಳ್ಳು ಏಕೆ ಹೇಳಲಿ? ಇವರ ಕಾಟ ತಡೆಯಲಾರದೆ ಸಮಿತಿಯವರು ಕಿತ್ತುಹಾಕಿದ್ದಾರೆ ಎಂದುಕೊಂಡೆ. ವಿಜಯಪುರ ಬರುವವರೆಗೆ ಆ ಹಿಗ್ಗನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಆಮೇಲೆ ತಡೆಯಲಾಗದೆ ಕೇಳಿದೆ.

"ಏನ್ ಬೀಗ್ರೇ, ಕೊರಳು ಬರಿದು?"

"ವಾಪಸ್ ಕೊಟ್ಟೆ ಅಮ್ಮ."

"ಯಾಕೆ?"

"ಅವಳನ್ನ ಆ ಕೆಲಸಕ್ಕೇ ಹಾಕಿದ್ರಲ್ಲ. ಮೊಮ್ಮಗಳು ತಪಾಸಣೇಲಿ, ತಾತ ಸಮಿತೀಲಿ ಅಂದ್ರೆ ಹೆಂಗೆ? ನಾಳೆ ಯಾರಾದ್ರೂ ಅವಳ ಕಡೆ ಬೆರಳು ತೋರ್ಸಿದ್ರೆ?" ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ನಾನು ಬೇರೆ ಕಡೆ ಹಾಕಿಸ್ಕೋತೀನಿ ತಾತ, ನೀನಿರು ಅಂದ್ಲು. ಅಷ್ಟೊತ್ತಿಗೆ ನನ್ ಕಾಗದ ಪೋಸ್ಟಾಗಿತ್ತು. ರೂಲು ಅಲ್ವಾ ಅಮ್ಮ."

ಅಷ್ಟೇ ಹೇಳಿದ್ದು. ನನ್ನ ಬಾಯಲ್ಲಿದ್ದ ಹಿಗ್ಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮಡಿಲಿನ ಒಬ್ಬಟ್ಟಿನ ಡಬ್ಬಿಯನ್ನೇ ನೋಡುತ್ತಾ ಕುಳಿತೆ.

ದೇವನಹಳ್ಳಿ ದಾಟಿತು. ಎಡಗಡೆ ಕಂಬಗಳು ಶುರುವಾದವು. ಅಬ್ಬಾ, ಎಂಥ ಕಂಬಗಳು! ಒಂದರ ಹಿಂದೊಂದು, ತೆಂಗಿನ ಮರಕ್ಕಿಂತ ಎತ್ತರ. ತೋರಿಸೋಣವೆಂದು ತಿರುಗಿದರೆ ಬೀಗರು ಕಣ್ಣು ಮುಚ್ಚಿಕೊಂಡಿದ್ದಾರೆ.

"ನಿದ್ದೇನಾ ಬೀಗ್ರೇ? ಕಂಬ ಬಂತು."

"ಗೊತ್ತು. ನೋಡಲ್ಲ. ನೋಡಿದ್ರೆ ಏನಾದ್ರೂ ಹೇಳ್ಬೇಕು ಅನ್ಸುತ್ತೆ."

"ಬಸ್ಸಲ್ಲಿ ಕೂತು ನೋಡ್ಬೇಡಿ ಅಂತ ಯಾವ ರೂಲಿದೆ?"

"ಬರೆದಿಲ್ಲ. ಆದ್ರೂ ಬೇಡ."

ಮುಂದೆ ಲಾರಿಗಳು ನಿಂತಿದ್ದವು, ಬಸ್ಸು ನಿಧಾನವಾಯಿತು. ಒಂದು ಕಂಬ ದಾಟಿತು, ಇನ್ನೊಂದು ದಾಟಿತು. ಬೀಗರ ಕೈ ಖಾಲಿ ಎದೆಯ ಮೇಲೆ ಕಾರ್ಡು ಇರುತ್ತಿದ್ದ ಜಾಗವನ್ನು ತಡವುತ್ತಿತ್ತು. ಮೂರನೆಯ ಕಂಬಕ್ಕೆ ಬರುವಷ್ಟರಲ್ಲಿ ಮುಚ್ಚಿದ ಕಣ್ಣಿನಲ್ಲೇ, ಬಹಳ ಮೆಲ್ಲಗೆ ಕೇಳಿದರು.

"ನೆಟ್ಟಗಿದ್ಯಾ?"

ನೆಟ್ಟಗಿದೆ ಎನ್ನಲು ಬಾಯಿ ತೆರೆದೆ. ನಿಲ್ಲಿಸಿದೆ. ನಾನೂ ಅವಳ ಅಜ್ಜಿಯಲ್ಲವೇ, ನನ್ನ ಮಾತು ಹೇಗೆ ನಡೆದೀತು? ಎದುರು ಸೀಟಿನಲ್ಲಿ ಯಾರೋ ಗುರುತಿಲ್ಲದ ಹೆಂಗಸು ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದಳು. ಅವಳ ಭುಜ ತಟ್ಟಿದೆ.

"ಏನಮ್ಮಾ, ಈ ರೈಲಿನ ಕೆಲಸದಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?"

"ಇಲ್ಲ ಕಣಜ್ಜಿ, ಯಾಕೆ?"

"ಆ ಕಂಬ ನೆಟ್ಟಗಿದ್ಯಾ ನೋಡಿ ಹೇಳು."

ಅವಳು ನನ್ನನ್ನು ನೋಡಿದಳು, ಕಣ್ಣು ಮುಚ್ಚಿದ ಬೀಗರನ್ನು ನೋಡಿದಳು. ಹೂವು ಮಡಿಲಿಗಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬುಡದಿಂದ ತುದಿಯವರೆಗೆ ಚೆನ್ನಾಗಿ ನೋಡಿದಳು.

"ನೆಟ್ಟಗೈತೆ ಕಣಜ್ಜಿ. ನೂಲು ಹಿಡ್ದಂಗೈತೆ."

ಬೀಗರು ಕಣ್ಣು ತೆರೆಯಲಿಲ್ಲ. ಆದರೆ ಮುಖವೆಲ್ಲ ನಕ್ಕಿತು, ಮುಚ್ಚಿದ ರೆಪ್ಪೆಯ ಅಂಚಿನಿಂದ ಒಂದು ಹನಿ ಇಳಿದು ಬಿಳಿ ಮೀಸೆಯೊಳಗೆ ಹೋಯಿತು. ಕೊನೆಯ ಕಂಬ ದಾಟುವವರೆಗೂ ನಾನು ಒಂದೊಂದನ್ನೂ ಆ ಹೂವಿನವಳ ಹತ್ತಿರ ಕೇಳುತ್ತಲೇ ಇದ್ದೆ.